ಟೇಪು ಹಂಚಿದರು, ಟಿಕೆಟ್ ಮಾರಿದರು: ವರ್ಮಾಂಟಿನ ಫಿಶ್ ಬ್ಯಾಂಡ್, ಒಂದು ಪ್ರಕರಣ ಅಧ್ಯಯನ

1989ರ ಜನವರಿ 26. ಬಾಸ್ಟನ್ನಿನ ಪ್ಯಾರಡೈಸ್ ಕ್ಲಬ್ ಅಂದು ರಾತ್ರಿ ಭರ್ತಿ. ನುಡಿಸುತ್ತಿದ್ದ ಬ್ಯಾಂಡಿಗೆ ಕ್ಲಬ್ಬಿನವರು ಬುಕಿಂಗ್ ಕೊಟ್ಟಿರಲಿಲ್ಲ, ಹೆಸರೇ ಕೇಳಿಲ್ಲ ಅಂದಿದ್ದರು. ಅದಕ್ಕೆ ಬ್ಯಾಂಡಿನವರೇ ಆ ಒಂದು ರಾತ್ರಿಯ ಮಟ್ಟಿಗೆ ಕ್ಲಬ್ಬನ್ನು ಬಾಡಿಗೆಗೆ ಹಿಡಿದಿದ್ದರು. ಒಳಗೆ ಸೇರಿದವರಲ್ಲಿ ಬಹಳಷ್ಟು ಜನ ಬಾಸ್ಟನ್ನಿನವರಲ್ಲ. ಮುನ್ನೂರು ಕಿಲೋಮೀಟರಿಗೂ ಆಚೆಯ, ಬ್ಯಾಂಡಿನ ಊರಾದ ಬರ್ಲಿಂಗ್ಟನ್‌ನಿಂದ ಗುಂಪು ಕಟ್ಟಿಕೊಂಡು ಬಂದವರು. ಬ್ಯಾಂಡಿಗೆ ಆಗಷ್ಟೇ ಐದು ವರ್ಷ ತುಂಬಿತ್ತು. ದೊಡ್ಡ ಲೇಬಲ್ (ರೆಕಾರ್ಡ್ ಕಂಪನಿ) ಇಲ್ಲ, ರೇಡಿಯೋದಲ್ಲಿ ಹಿಟ್ ಇಲ್ಲ. ಫಿಶ್ ಎಂಬ ಈ ಬ್ಯಾಂಡ್ ಬೇರೆ ಊರಿನ ಕ್ಲಬ್ಬನ್ನು ಹೀಗೆ ತುಂಬಿಸಿದ್ದು ಹೇಗೆ, ಆ ಬಲವೇ ಮುಂದೆ ಹೊರೆಯಾಗಿದ್ದು ಎಲ್ಲಿ ಎಂಬುದನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ.

ಬ್ಯಾಂಡಿನ ಹೆಚ್ಚಿನ ಹಾಡುಗಳನ್ನು ಕಟ್ಟಿದವರು ಗಿಟಾರ್ ವಾದಕ ಟ್ರೇ ಅನಾಸ್ಟಾಸಿಯೊ. ಸಾಹಿತ್ಯದ ದೊಡ್ಡ ಪಾಲು ಅವರ ಶಾಲಾದಿನಗಳ ಗೆಳೆಯ ಟಾಮ್ ಮಾರ್ಷಲ್ ಅವರದು. ಮಾರ್ಷಲ್ ಬ್ಯಾಂಡಿನ ಸದಸ್ಯರಲ್ಲ. ಮೈಕ್ ಗೋರ್ಡನ್ ಬೇಸ್, ಜಾನ್ ಫಿಶ್‌ಮನ್ ಡ್ರಮ್ಸ್, ಪೇಜ್ ಮೆಕ್‌ಕಾನೆಲ್ ಕೀಬೋರ್ಡ್. ಜ್ಯಾಮ್ ಬ್ಯಾಂಡ್ ಅಂದರೆ ಹಾಡಿನ ಕಟ್ಟು ಮೊದಲೇ ಗೊತ್ತಿದ್ದು, ನಡುವಿನ ವಿಸ್ತಾರ ಆ ರಾತ್ರಿ ವೇದಿಕೆಯ ಮೇಲೆ ಹುಟ್ಟುವಂಥದ್ದು. ಕರ್ನಾಟಕ ಸಂಗೀತದಲ್ಲಿ ಕೃತಿಯಾದ ಮೇಲೆ ನೆರವಲ್, ಕಲ್ಪನಾಸ್ವರ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ರಾಕ್‌ನಲ್ಲಿ ಈ ದಾರಿ ಹಾಕಿಕೊಟ್ಟಿದ್ದು ಗ್ರೇಟ್‌ಫುಲ್ ಡೆಡ್ ಎಂಬ ಬ್ಯಾಂಡ್. ಫಿಶ್ ಅದೇ ದಾರಿ ಹಿಡಿದರೂ ಮೊದಲ ಹೆಜ್ಜೆಗಳನ್ನು ಒಂದು ಪುಟ್ಟ ಸೀಮೆಯೊಳಗೇ ಇಟ್ಟಿತು.

ಊರು

1990ರ ಜನಗಣತಿಯಲ್ಲಿ ಬರ್ಲಿಂಗ್ಟನ್‌ನ ಜನಸಂಖ್ಯೆ ಸುಮಾರು 39,000. ಇಡೀ ವರ್ಮಾಂಟ್ ರಾಜ್ಯದ್ದು ಐದೂವರೆ ಲಕ್ಷದ ಆಸುಪಾಸು. ಹೊರವಲಯ ಸೇರಿಸಿ ಎಣಿಸಿದರೆ ಆಗಿನ ಮೈಸೂರೇ ಅದಕ್ಕಿಂತ ದೊಡ್ಡದು. ವರ್ಮಾಂಟ್ ವಿಶ್ವವಿದ್ಯಾಲಯದ ಹುಡುಗರು ಸೇರಿ 1983ರ ಡಿಸೆಂಬರ್ 2ರಂದು ಹಾಸ್ಟೆಲ್ ಕ್ಯಾಂಟೀನೊಂದರಲ್ಲಿ ಕೊಟ್ಟ ಮೊದಲ ಕಾರ್ಯಕ್ರಮ ನೆಲಕಚ್ಚಿತು. ಕುಣಿಯಲು ಬಂದವರಿಗೆ ಇವರ ಸಂಗೀತ ಹಿಡಿಸದೆ ಮೈಕಲ್ ಜಾಕ್ಸನ್ ಆಲ್ಬಂ ಹಾಕಿ ಇವರನ್ನು ಮುಳುಗಿಸಿದರಂತೆ. 1986ರಲ್ಲಿ ಅನಾಸ್ಟಾಸಿಯೊ ಮತ್ತು ಫಿಶ್‌ಮನ್ ಅದೇ ರಾಜ್ಯದ ಗೊಡಾರ್ಡ್ ಎಂಬ ಸಣ್ಣ ಕಾಲೇಜಿಗೆ ಬದಲಾದರು. ಮೊದಲೇ ಅಲ್ಲಿದ್ದ ಮೆಕ್‌ಕಾನೆಲ್‌ಗೆ ವಿದ್ಯಾರ್ಥಿಗಳನ್ನು ಕರೆತಂದಿದ್ದಕ್ಕೆ ಕಾಲೇಜು ತಲೆಗೆ 50 ಡಾಲರ್ ಕೊಟ್ಟಿತು!

ಬ್ಯಾಂಡನ್ನು ತಿದ್ದಿದ್ದು ಬರ್ಲಿಂಗ್ಟನ್ ಮೇನ್ ಸ್ಟ್ರೀಟ್‌ನ ನೆಕ್ಟರ್ಸ್ ಎಂಬ ಬಾರ್. ಮಾಲೀಕ ನೆಕ್ಟರ್ ರೋರಿಸ್ ಮೊದಲ ಸಲ ಕರೆದಾಗ ಇವರ ಬಳಿ ಎರಡು ಸೆಟ್ (ಬಿಡುವಿಗೆ ಮುಂಚೆ ಒಂದೇ ಸಮನೆ ನುಡಿಸುವ ಭಾಗ) ತುಂಬಿಸುವಷ್ಟು ಹಾಡೂ ಇರಲಿಲ್ಲ. ಆಮೇಲೆ ಅದೇ ಪಾಠಶಾಲೆಯಾಯಿತು: ತಿಂಗಳಿಗೊಮ್ಮೆ ಸತತ ಮೂರು ರಾತ್ರಿ, ರಾತ್ರಿಗೆ ಮೂರು ಸೆಟ್. ಕೂಡಿ ನೋಡಿ, ಒಂಬತ್ತು ಸೆಟ್. ಬರುವವರು ಬಹುಮಟ್ಟಿಗೆ ಅದೇ ಜನ. ಮೊದಲ ರಾತ್ರಿ ಕೇಳಿದ್ದನ್ನೇ ಎರಡನೇ ರಾತ್ರಿ ಬಡಿಸಿದರೆ ಮೂರನೇ ರಾತ್ರಿ ಯಾರೂ ಬರುವುದಿಲ್ಲ. ಊರು ದೊಡ್ಡದಾಗಿದ್ದರೆ ಹತ್ತು ಹಾಡಿನ ಒಂದೇ ಪಟ್ಟಿ ಹಿಡಿದು ಬೇರೆ ಬೇರೆ ಕ್ಲಬ್ ಸುತ್ತಬಹುದಿತ್ತು. ಊರು ಚಿಕ್ಕದು, ಆ ಸೌಲಭ್ಯ ಇಲ್ಲ. ಹಾಡಿನ ದಾಸ್ತಾನು ಹೆಚ್ಚಿಸಬೇಕು, ಇಲ್ಲವೇ ಇದ್ದ ಹಾಡನ್ನು ಪ್ರತಿ ಸಲ ಬೇರೆ ಕಡೆಗೆ ಒಯ್ಯಬೇಕು. ಇವರು ಎರಡನ್ನೂ ಮಾಡಿದರು. "ಒಮ್ಮೆ ನುಡಿಸಿದಂತೆ ಇನ್ನೊಮ್ಮೆ ನುಡಿಸುವುದಿಲ್ಲ" ಎಂಬ ಹೆಸರು ಮುಂದೆ ಬಂತು, ನಿಜ. ಅದರ ಮೂಲ ಮಾತ್ರ ಯಾವ ತತ್ವವೂ ಅಲ್ಲ, ಈ ಗಿರಾಕಿಗಳ ಲೆಕ್ಕ ಅಂತಲೇ ನಮ್ಮ ಅಂದಾಜು.

ಊರಿನಾಚೆಗೆ ಮೊದಲು ಹೊರಟಿದ್ದು ವ್ಯಾನಿನಲ್ಲಿ ಕೆಲವು ಗಂಟೆ ಹೋದರೆ ಸಿಗುವ ಕಾಲೇಜು ಊರುಗಳಿಗೆ. ಮ್ಯಾನೇಜರ್ ಜಾನ್ ಪಲುಸ್ಕಾ ಸಿಕ್ಕಿದ್ದೂ ಹಾಗೆಯೇ. ಆಮ್ಹರ್ಸ್ಟ್ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು ತಮ್ಮಲ್ಲಿಗೆ ಬ್ಯಾಂಡನ್ನು ಕರೆಸಿದ್ದರು. ಕಾಲೇಜು ಊರಿನ ಲಾಭವೇ ಬೇರೆ. ರಜೆ ಬಂದರೆ ಹುಡುಗರು ನ್ಯೂಯಾರ್ಕು, ಬಾಸ್ಟನ್ನು ಅಂತ ತಂತಮ್ಮ ಮನೆಗೆ ಹೋಗುತ್ತಾರೆ, ಬ್ಯಾಗಿನಲ್ಲಿ ಕ್ಯಾಸೆಟ್ ಇರುತ್ತದೆ. ಎಲ್ಲ ಎಸೆತವೂ ಗುರಿಗೆ ಬೀಳಲಿಲ್ಲ ಅನ್ನಿ. 1988ರ ಬೇಸಿಗೆಯಲ್ಲಿ ಕೊಲೊರಾಡೊ ಟೂರ್ ಅಂತ ಮಾತಾಗಿ, ಹೊರಡುವ ಹೊತ್ತಿಗೆ ಅದು ಹೆಚ್ಚುಕಡಿಮೆ ಟೆಲ್ಯುರೈಡ್ ಎಂಬ ಒಂದೇ ಬೆಟ್ಟದೂರಿನ ಬಾರಿಗೆ ಕುಗ್ಗಿತ್ತು. ಆದರೂ ವ್ಯಾನ್ ಹತ್ತಿದರು.

ಹಾಡು ಕಟ್ಟಿದ ಬಗೆ

ಅನಾಸ್ಟಾಸಿಯೊಗೆ ಸ್ವರ ಬರೆಯುವ ಶಿಸ್ತು ಕಲಿಸಿದವರು ವರ್ಮಾಂಟಿನ ಸಂಯೋಜಕ ಅರ್ನೀ ಸ್ಟೈರ್ಸ್. ಫ್ಯೂಗ್ ಬರೆಸುತ್ತಿದ್ದರು, ಅಂದರೆ ಒಂದೇ ಸ್ವರಪಂಕ್ತಿಯನ್ನು ಒಂದಾದ ಮೇಲೊಂದು ವಾದ್ಯ ಎತ್ತಿಕೊಂಡು ಹೆಣೆಯುತ್ತ ಹೋಗುವ ಪಾಶ್ಚಾತ್ಯ ರಚನೆ. ಹಾಗಾಗಿ ಆರಂಭದ ಹಾಡುಗಳಲ್ಲಿ ರಾಕ್ ಬ್ಯಾಂಡ್‌ಗಳಲ್ಲಿ ಅಪರೂಪವಾದ ಗುಣವೊಂದಿದೆ. ನಾಲ್ಕೂ ವಾದ್ಯಗಳ ಪಾಲು ನಿಮಿಷಗಟ್ಟಲೆ ಬರೆದಿಟ್ಟದ್ದು, ನಮ್ಮ ಚಿಟ್ಟೆಸ್ವರದ ಹಾಗೆ. ಅಲ್ಲಿ ಒಂದು ಸ್ವರ ಆಚೀಚೆಯಾದರೂ ಕೇಳುಗರಿಗೆ ಗೊತ್ತಾಗುತ್ತದೆ. ಅದು ಮುಗಿದ ಮೇಲೆ ಬಾಗಿಲು ತೆರೆಯುತ್ತದೆ.

"ಯು ಎಂಜಾಯ್ ಮೈಸೆಲ್ಫ್" ಇದಕ್ಕೆ ಒಳ್ಳೆಯ ಮಾದರಿ. ವೇದಿಕೆಯ ಮೇಲೆ ಇಪ್ಪತ್ತು ನಿಮಿಷ ದಾಟುವುದು ಮಾಮೂಲು. ಮೊದಲಿಗೆ ಬರೆದ ಭಾಗ, ತಾಳ ಬದಲಾಗುತ್ತ ಹೋಗುವಂಥದ್ದು. ಆಮೇಲೆ ಸಾಹಿತ್ಯ, ಅದೂ ಬೆರಳೆಣಿಕೆಯ ಪದಗಳು. ಅನಾಸ್ಟಾಸಿಯೊ ಮತ್ತು ಗೋರ್ಡನ್ ಪುಟ್ಟ ಟ್ರ್ಯಾಂಪೊಲೀನ್ ಹತ್ತಿ, ವಾದ್ಯ ಕೊರಳಲ್ಲಿದ್ದಂತೆಯೇ, ಒಟ್ಟಿಗೆ ಜಿಗಿಯುತ್ತಾರೆ. ನಂತರ ಫಂಕ್ ಎಂಬ ಕುಣಿತದ ಲಯದ ಮೇಲೆ ಬಿಡುವಿನ ವಿಸ್ತಾರ, ಅದು ಇಳಿದು ಬರೀ ಬೇಸ್ ಮತ್ತು ಡ್ರಮ್ಸ್, ಕಡೆಗೆ ವಾದ್ಯಗಳನ್ನೆಲ್ಲ ನಿಲ್ಲಿಸಿ ನಾಲ್ವರೂ ಬಾಯಲ್ಲೇ ಸದ್ದು ಮಾಡುತ್ತ ನಡೆಸುವ ಜ್ಯಾಮ್. ಕಟ್ಟುನಿಟ್ಟಿನ ಭಾಗ ಎಷ್ಟು ಕಷ್ಟದ್ದೋ ಬಿಡುವಿನ ಭಾಗಕ್ಕೆ ಅಷ್ಟು ಬೆಲೆ ಬರುವುದನ್ನು ಇಲ್ಲಿ ಗಮನಿಸಬೇಕು. ಸುಮ್ಮನೆ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು ಇಪ್ಪತ್ತು ನಿಮಿಷ ತಿರುವುವ ಬ್ಯಾಂಡ್‌ಗಳು ಬೇಕಾದಷ್ಟಿವೆ. ಎರಡನೇ ಶೋಗೆ ಅಲ್ಲಿ ಕೇಳುಗರು ಉಳಿಯುವುದಿಲ್ಲ.

ವಿಸ್ತಾರವನ್ನೂ ಇವರು ಅಭ್ಯಾಸ ಮಾಡಿದರು. ವ್ಯಾಯಾಮದ ಹೆಸರು "ಹೇ". ಒಬ್ಬ ಒಂದು ಸಣ್ಣ ಪಂಕ್ತಿ ಶುರುಮಾಡಿ ಅದನ್ನೇ ತಿರುಗಿಸುತ್ತಾನೆ. ಉಳಿದ ಮೂವರು ಒಬ್ಬೊಬ್ಬರಾಗಿ ಅದಕ್ಕೆ ಹೊಂದುವಂಥದ್ದನ್ನು ಸೇರಿಸುತ್ತಾರೆ. ಮಿಕ್ಕ ಮೂವರೂ ಒಂದು ನೆಲೆಗೆ ಬಂದರು, ಇನ್ನು ಹುಡುಕುತ್ತಿಲ್ಲ ಅಂತ ಕಿವಿಗೆ ಖಚಿತವಾದಾಗ "ಹೇ" ಅನ್ನಬೇಕು. ನಾಲ್ಕು "ಹೇ" ಬಿದ್ದರೆ ಮಾತ್ರ ಪಕ್ಕದವನು ಹೊಸ ಪಂಕ್ತಿ ತೆಗೆಯಬಹುದು. ಇಲ್ಲಿ ಪರೀಕ್ಷೆಗೆ ಬೀಳುವುದು ಕಿವಿ. ತನ್ನ ವಾದ್ಯದಲ್ಲೇ ಮುಳುಗಿದವನಿಗೆ ಯಾವಾಗ "ಹೇ" ಅನ್ನಬೇಕೆಂದೇ ತಿಳಿಯುವುದಿಲ್ಲ. ಇದರದೇ ಇನ್ನೊಂದು ರೂಪದಲ್ಲಿ ನಿಮ್ಮ ಸ್ವರ ಬೀಳಬೇಕಾದ್ದು ಇನ್ನೊಬ್ಬನ ಮೌನದ ಜಾಗದಲ್ಲಿ ಮಾತ್ರ. ಒಬ್ಬ ಲಯ ಅಥವಾ ದನಿಯ ಏರಿಳಿತ ಬದಲಿಸಿದರೆ ಉಳಿದವರು ತಕ್ಷಣ ಹಿಂಬಾಲಿಸುವ ಅಭ್ಯಾಸವೂ ಇತ್ತು.

ಜ್ಯಾಮ್ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ನಾಲ್ವರೂ ಖಾಲಿ ಜಾಗ ಕಂಡೊಡನೆ ತುಂಬಲು ಹೋಗುವುದು ಒಂದು. ಗಿಟಾರಿನವನು ಮುಂದೆ ಓಡಿ, ಮಿಕ್ಕವರು ಪಕ್ಕವಾದ್ಯವಾಗಿ ಉಳಿಯುವುದು ಇನ್ನೊಂದು. ಎರಡನೆಯ ರೋಗ ಫಿಶ್‌ಗೂ ಇತ್ತು, ಹಾಡು ಬರೆದವರೇ ಗಿಟಾರ್ ಹಿಡಿದಿದ್ದರಲ್ಲ. ಅದಕ್ಕೆ ಅನಾಸ್ಟಾಸಿಯೊ 1995ರ ಸುಮಾರಿಗೆ ವೇದಿಕೆಯ ಮೇಲೆ ಪುಟ್ಟದೊಂದು ತಾಳವಾದ್ಯದ ಸೆಟ್ ಇಟ್ಟುಕೊಂಡು, ಜ್ಯಾಮ್ ನಡುವೆ ಗಿಟಾರ್ ಬಿಟ್ಟು ಅಲ್ಲಿಗೆ ಹೋಗತೊಡಗಿದರು. ಯಜಮಾನ ಜಾಗ ಖಾಲಿ ಮಾಡಿದರೆ ಕೀಬೋರ್ಡು, ಬೇಸ್ ತಾನಾಗಿ ಮುಂದೆ ಬರುತ್ತವೆ. 1996ರ ಹ್ಯಾಲೊವೀನ್ ರಾತ್ರಿ ಅಟ್ಲಾಂಟಾದಲ್ಲಿ ಟಾಕಿಂಗ್ ಹೆಡ್ಸ್ ಎಂಬ ಬ್ಯಾಂಡಿನ ಒಂದು ಇಡೀ ಆಲ್ಬಂ ನುಡಿಸಿದ್ದು ಇನ್ನೂ ದೊಡ್ಡ ತಿರುವು. ಆ ಸಂಗೀತದಲ್ಲಿ ಪ್ರತಿಯೊಬ್ಬರ ಪಾಲೂ ಚಿಕ್ಕದು, ಬಿಡುವು ಹೆಚ್ಚು. ಮರುವರ್ಷದ ಟೂರ್‌ಗಳಲ್ಲಿ ಫಿಶ್‌ನ ನಡೆಯೇ ನಿಧಾನವಾಗಿ, ಫಂಕ್ ಕಡೆ ವಾಲಿತು. 1997ರ ಟೇಪುಗಳನ್ನು ಅಭಿಮಾನಿಗಳು ಇಂದಿಗೂ ಹುಡುಕಿ ಕೇಳುವುದು ಸುಮ್ಮನೆ ಅಲ್ಲ.

ಅಭಿಮಾನಿಗಳು ಜ್ಯಾಮ್‌ಗಳನ್ನು ಎರಡು ಬಗೆ ಮಾಡಿಕೊಂಡಿದ್ದಾರೆ. ಹಾಡಿನ ಕಾರ್ಡ್ ಮತ್ತು ಲಯದೊಳಗೇ ಬೆಳೆದು ಹಾಡಿಗೇ ಮರಳಿದರೆ ಟೈಪ್ ಒಂದು. ಕಾರ್ಡ್, ಲಯ ಎರಡನ್ನೂ ಬಿಟ್ಟು ಹೊರಟು, ಹೊರಟಲ್ಲಿಗೆ ಬರುವ ಖಾತ್ರಿಯೇ ಇಲ್ಲದಿದ್ದರೆ ಟೈಪ್ ಎರಡು. ಮೊದಲನೆಯದು ನಮ್ಮ ಕಲ್ಪನಾಸ್ವರಕ್ಕೆ ಹತ್ತಿರ, ಹಾಡು ಎತ್ತಿಕೊಂಡ ಜಾಗಕ್ಕೆ, ಅಂದರೆ ಎಡುಪಿಗೆ, ಬಂದು ಸೇರಲೇಬೇಕು. ಎರಡನೆಯದಕ್ಕೆ ನಮ್ಮ ಕಛೇರಿ ಪದ್ಧತಿಯಲ್ಲಿ ಸರಿಸಾಟಿ ಇಲ್ಲ. ಹಿಡಿದ ರಾಗವನ್ನೂ ತಾಳವನ್ನೂ ನಡುದಾರಿಯಲ್ಲಿ ಬಿಟ್ಟು ಹೊರಟವರನ್ನು ಇಲ್ಲಿ ಯಾರೂ ಮತ್ತೆ ಕರೆಯುವುದಿಲ್ಲ.

ಟೇಪು

ರೇಡಿಯೋ ಮಾಡಬೇಕಿದ್ದ ಕೆಲಸವನ್ನು ಫಿಶ್‌ಗೆ ಮಾಡಿಕೊಟ್ಟಿದ್ದು ಕೇಳುಗರ ಟೇಪ್ ರೆಕಾರ್ಡರ್. ಶೋ ರೆಕಾರ್ಡ್ ಮಾಡಲು ಬ್ಯಾಂಡಿನ ಒಪ್ಪಿಗೆ ಇತ್ತು; ಮುಂದೆ ಟೇಪ್ ಮಾಡುವವರಿಗೇ ಪ್ರತ್ಯೇಕ ಟಿಕೆಟ್, ಸದ್ದು ಹೊಂದಿಸುವ ಸೌಂಡ್‌ಬೋರ್ಡಿನ ಹಿಂದೆ ಮೈಕ್ ಸ್ಟ್ಯಾಂಡ್ ನಿಲ್ಲಿಸಲು ಜಾಗ. ಷರತ್ತು ಒಂದೇ: ಮಾರಬಾರದು.

ಪದ್ಧತಿ ಹೀಗಿತ್ತು. ಹೊಸಬನ ಬಳಿ ಬದಲಿಗೆ ಕೊಡಲು ಟೇಪೇ ಇರುವುದಿಲ್ಲ. ಅವನು ಖಾಲಿ ಕ್ಯಾಸೆಟ್‌ಗಳನ್ನೂ ವಾಪಸು ಅಂಚೆವೆಚ್ಚವನ್ನೂ ದಪ್ಪ ಲಕೋಟೆಯಲ್ಲಿಟ್ಟು ಟೇಪ್ ಇದ್ದವನಿಗೆ ಕಳಿಸುತ್ತಾನೆ. ಅವನು ತುಂಬಿಸಿ ಕಳಿಸುತ್ತಾನೆ. ದುಡ್ಡು ಕೇಳಿದವನನ್ನು ಮಂದಿ ಹೊರಗಿಡುತ್ತಾರೆ. ಕ್ಯಾಸೆಟ್ ಸಾಮಾನ್ಯವಾಗಿ ಮ್ಯಾಕ್ಸೆಲ್ ಎಕ್ಸ್‌ಎಲ್ ಟೂ, 90 ನಿಮಿಷದ್ದು. ಒಂದು ಸೆಟ್‌ಗೆ ಒಂದು ಕ್ಯಾಸೆಟ್, ಶೋಗೆ ಎರಡು. ತೊಂದರೆ ಇರುವುದು ಪಕ್ಕ ತಿರುಗಿಸುವಲ್ಲಿ. ಒಂದು ಪಕ್ಕ 45 ನಿಮಿಷ. ಆ ಹೊತ್ತಿಗೆ ಬ್ಯಾಂಡ್ ಉದ್ದದ ಜ್ಯಾಮ್ ನಡುವೆ ಇದ್ದರೆ ಕ್ಯಾಸೆಟ್ ತಿರುಗಿಸುವ ಕೆಲವು ಸೆಕೆಂಡು ಹೋದ ಹಾಗೆಯೇ. ಅನುಭವಸ್ಥರು ನಲವತ್ತನೇ ನಿಮಿಷದ ಹೊತ್ತಿಗೆ ಚಪ್ಪಾಳೆಗೆ ಕಾಯುತ್ತಿದ್ದರು, ಮುಂದಿನ ಹಾಡು ಉದ್ದದ್ದು ಅನ್ನಿಸಿದರೆ ಟೇಪ್ ಉಳಿದಿದ್ದರೂ ತಿರುಗಿಸಿಬಿಡುತ್ತಿದ್ದರು. ಎರಡು ಗಂಟೆ ಹಿಡಿಸುವ ಡ್ಯಾಟ್ ಎಂಬ ಡಿಜಿಟಲ್ ಟೇಪ್ ಬಂದ ಮೇಲೆ ಈ ಪೀಕಲಾಟ ತಪ್ಪಿತು.

ನಕಲಿನ ನಕಲು ಮಾಡಿದಷ್ಟೂ ಟೇಪಿನ ಸುಂಯ್ ಅನ್ನುವ ಸದ್ದು ಏರುತ್ತದೆ. ಅದಕ್ಕೆ ಪ್ರತಿ ಕ್ಯಾಸೆಟ್ಟಿಗೂ ಎಷ್ಟನೇ ನಕಲು ಎಂಬ ತಲೆಮಾರಿನ ಲೆಕ್ಕ ಬರೆದಿಡುವ ರೂಢಿ. ಆ ಸುಂಯ್ ತಗ್ಗಿಸುವ ಡಾಲ್ಬಿ ಹಾಕಬಾರದು ಎಂಬ ನಿಯಮವೂ ಇತ್ತು: ಒಬ್ಬನ ಡೆಕ್ಕಿನ ಡಾಲ್ಬಿ ಇನ್ನೊಬ್ಬನದಕ್ಕೆ ಹೊಂದದೆ, ಎರಡು ಮೂರು ನಕಲಾಗುವಷ್ಟರಲ್ಲಿ ಸಿಂಬಲ್‌ಗಳ ಸದ್ದು ಮಂಕಾಗುತ್ತದೆ. ಹೆಚ್ಚು ಜನಕ್ಕೆ ಬೇಗ ತಲುಪಿಸಲು "ಮರ" ಕಟ್ಟುತ್ತಿದ್ದರು. ಬುಡದವನು ಕೆಲವರಿಗೆ ಮಾಡಿಕೊಟ್ಟರೆ ಅವರಲ್ಲಿ ಒಬ್ಬೊಬ್ಬರೂ ಇನ್ನು ಕೆಲವರಿಗೆ. ನಾಲ್ಕು ನಾಲ್ಕರಂತೆ ಹೋದರೆ ಮೂರನೇ ತಲೆಮಾರಿಗೆ 84 ಪ್ರತಿ ಹೊರಗಿರುತ್ತವೆ, ಬ್ಯಾಂಡಿಗೆ ಒಂದು ಕಾಸೂ ಖರ್ಚಿಲ್ಲದೆ.

ಪುಕ್ಕಟೆ ಹಂಚಿದರೆ ಆಲ್ಬಂ ಯಾರು ಕೊಳ್ಳುತ್ತಾರೆ ಎಂಬ ಆತಂಕ ಆಗಲೂ ಇತ್ತು. ಹಾಡು ಪ್ರತಿ ರಾತ್ರಿ ಒಂದೇ ಥರ ಇರುವ ಬ್ಯಾಂಡಿಗೆ ಆ ಆತಂಕ ನ್ಯಾಯವೇ. ಫಿಶ್ ವಿಚಾರದಲ್ಲಿ ಟೇಪು ಹಸಿವು ಹೆಚ್ಚಿಸಿತು: ಈ ಹಾಡು ಆ ಊರಿನಲ್ಲಿ ಹೀಗಾಯಿತು, ನಮ್ಮೂರಿನಲ್ಲಿ ಏನಾಗಬಹುದು? ಅದಕ್ಕೆ ಉತ್ತರ ಟಿಕೆಟ್ ಕೊಂಡರೆ ಮಾತ್ರ ಸಿಗುತ್ತದೆ. ಟೇಪು ಮೊದಲು ಹೋಗಿ ಊರು ಹದಮಾಡುತ್ತಿತ್ತು, ವ್ಯಾನು ಆಮೇಲೆ ಹೋಗುತ್ತಿತ್ತು.

ಲೇಬಲ್

ಎಲೆಕ್ಟ್ರಾ ಕಂಪನಿ 1991ರಲ್ಲಿ ಒಪ್ಪಂದ ಮಾಡಿಕೊಂಡಿತು. ಸ್ವಂತವಾಗಿ ಕ್ಯಾಸೆಟ್ಟಿನಲ್ಲಿ ತಂದಿದ್ದ ಮೊದಲ ಆಲ್ಬಮ್ಮನ್ನೂ ಮರುಮುದ್ರಿಸಿತು. 1992ರ ಆಲ್ಬಮ್ಮಿನ ಹೆಸರಿನಲ್ಲೂ ಮುಖಪುಟದಲ್ಲೂ ಅದೇ ಬಾರ್ ಮಾಲೀಕ ನೆಕ್ಟರ್. 1994ರಲ್ಲಿ ಎಂಟಿವಿಗಾಗಿ ಒಂದು ವಿಡಿಯೋ ಮಾಡಿದರು. ಅದರಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೊದಲು ಗೋಲ್ಡ್ (ದೊಡ್ಡ ಮಾರಾಟಕ್ಕೆ ಸಿಗುವ ಮನ್ನಣೆ) ಆದದ್ದು 1995ರ ಲೈವ್ ಆಲ್ಬಂ. ಕೇಳುಗರು ಬ್ಯಾಂಡಿನಿಂದ ಏನು ಕೊಳ್ಳಲು ಬಂದಿದ್ದಾರೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

1996ರ ಆಗಸ್ಟಿನಲ್ಲಿ, ಬರ್ಲಿಂಗ್ಟನ್‌ನಿಂದ ಶಾಂಪ್ಲೇನ್ ಸರೋವರದ ಆಚೆ ದಡಕ್ಕಿರುವ ಪ್ಲಾಟ್ಸ್‌ಬರ್ಗ್‌ನಲ್ಲಿ, ಮುಚ್ಚಿಹೋಗಿದ್ದ ವಾಯುನೆಲೆಯ ಮೇಲೆ ಎರಡು ದಿನದ ಜಾತ್ರೆ ನಡೆಸಿದರು. ಇರುವುದು ಇವರೊಬ್ಬರದೇ ಬ್ಯಾಂಡು. ಬಂದವರು ಸುಮಾರು 70,000. ವಾಯುನೆಲೆಯ ಆಯ್ಕೆಯಲ್ಲಿ ಜಾಣತನವಿದೆ: ರನ್‌ವೇ ಅಂದರೆ ಸಾವಿರಾರು ಕಾರುಗಳ ಭಾರ ತಾಳುವ ಗಟ್ಟಿ ನೆಲ, ಸುತ್ತ ಬೇಲಿ ಮೊದಲೇ ಇರುತ್ತದೆ, ರಾತ್ರಿಯ ಸದ್ದಿಗೆ ಗೊಣಗುವ ನೆರೆಹೊರೆ ಕಡಿಮೆ. 1999ರ ಕೊನೆಯ ರಾತ್ರಿ ಫ್ಲೋರಿಡಾದ ಬಿಗ್ ಸೈಪ್ರೆಸ್‌ನಲ್ಲಿ ನಡುರಾತ್ರಿಗೆ ಮೊದಲು ಶುರುವಾದ ಒಂದೇ ಸೆಟ್ ಸೂರ್ಯೋದಯದವರೆಗೆ, ಏಳೂವರೆ ಗಂಟೆಯಷ್ಟು ನಡೆಯಿತು.

ಕೆಟ್ಟಿದ್ದು ಎಲ್ಲಿ

2000ದ ಅಕ್ಟೋಬರಿನಲ್ಲಿ ಬ್ಯಾಂಡ್ ನಿಂತಿತು, 2002ರ ಡಿಸೆಂಬರ್ 31ಕ್ಕೆ ಮರಳಿತು, 2004ರ ಮೇ ತಿಂಗಳಲ್ಲಿ ಇನ್ನು ಮುಗಿಯಿತು ಅಂತ ಅನಾಸ್ಟಾಸಿಯೊ ಪ್ರಕಟಿಸಿದರು. ಮಾದಕ ವಸ್ತುಗಳ ಪಾಲು ಇದರಲ್ಲಿ ದೊಡ್ಡದು. ಅವರು 2006ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾಗಿ, ನ್ಯಾಯಾಲಯದ ನಿಗಾದ ಚಿಕಿತ್ಸಾ ಕಾರ್ಯಕ್ರಮ ಮುಗಿಸಿದ್ದನ್ನು ತಾವೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆದರೆ ಬರೀ ಅದನ್ನೇ ಕಾರಣ ಅಂದರೆ ಪ್ರಕರಣ ಅರ್ಧ ಓದಿದಂತೆ. ಟಿಕೆಟ್, ಬ್ಯಾಂಡಿನ ಹೆಸರಲ್ಲಿ ಮಾರುವ ಸರಕು, ಕಚೇರಿ ಎಲ್ಲ ಸ್ವಂತದ್ದಾಗಿದ್ದ ಬ್ಯಾಂಡು ಇದು. ಸ್ವಂತದ್ದು ಅಂದರೆ ಸಂಬಳದ ಪಟ್ಟಿಯೂ ಸ್ವಂತದ್ದೇ. ಟೂರ್ ನಿಂತರೆ ಎಷ್ಟೋ ಮನೆಯ ಒಲೆ ಆರುತ್ತದೆ ಎಂಬ ಅರಿವಿನಲ್ಲಿ ಹಾಡು ಬರೆಯುವವನ ಕೈ ಹಗುರವಾಗಿರುವುದಿಲ್ಲ. ರೆಕಾರ್ಡ್ ಕಂಪನಿಯ ಹಂಗಿನಲ್ಲಿರುವವನಿಗೆ ಈ ಭಯ ಇಲ್ಲ, ಅವನ ಭಯಗಳು ಬೇರೆ.

ಬರವಣಿಗೆಯ ಹಂಚಿಕೆಯೂ ಒಂದು ತಿಕ್ಕಾಟದ ಜಾಗ. ಒಬ್ಬನೇ ಪೂರ್ತಿ ಸ್ವರ ಬರೆದು ತಂದರೆ ಉಳಿದ ಮೂವರು ನುಡಿಸುವ ಆಳುಗಳಾಗುತ್ತಾರೆ. 1997ರಲ್ಲಿ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಜ್ಯಾಮ್ ರೆಕಾರ್ಡ್ ಮಾಡಿ, ಅದರಿಂದ ತುಣುಕು ಆರಿಸಿ, ಮಾರ್ಷಲ್ ಅವರ ಸಾಲುಗಳನ್ನು ಕೂಡಿಸಿ 1998ರ ಆಲ್ಬಮ್ಮಿನ ಬಹಳಷ್ಟು ಹಾಡು ಮಾಡಿದ್ದು ಇದಕ್ಕೆ ಕಂಡುಕೊಂಡ ಪರಿಹಾರ.

ವಿದಾಯದ ಜಾತ್ರೆ 2004ರ ಆಗಸ್ಟ್ 14, 15ರಂದು ವರ್ಮಾಂಟಿನ ಕವೆಂಟ್ರಿಯಲ್ಲಿ. ಅದಕ್ಕೆ ಮೊದಲೇ ಮಳೆ ಹಿಡಿದು ಮೈದಾನವೆಲ್ಲ ಕೆಸರು. ಕಾರು ನಿಲ್ಲಿಸುವ ಜಾಗ ಹೂತುಹೋಗುತ್ತದೆ ಅಂತ ಇನ್ನು ಬರಬೇಡಿ, ಹಿಂತಿರುಗಿ ಎಂದು ಪ್ರಕಟಣೆ ಹೊರಟಿತು. ಜನ ಹೆದ್ದಾರಿ 91ರ ಬದಿಯಲ್ಲೇ ಕಾರು ಬಿಟ್ಟು ಮೈಲುಗಟ್ಟಲೆ ನಡೆದು ಬಂದರು. ಪ್ಲಾಟ್ಸ್‌ಬರ್ಗ್‌ನ ಗಟ್ಟಿ ಕಾಂಕ್ರೀಟಿಗೂ ಈ ಹುಲ್ಲುಗಾವಲಿಗೂ ಇರುವ ಅಂತರ ಅಲ್ಲಿ ಕಣ್ಣಿಗೆ ಹೊಡೆಯಿತು. ಬರೆದ ಭಾಗಗಳು ವೇದಿಕೆಯ ಮೇಲೆ ತಪ್ಪಿದವು. ಅಭ್ಯಾಸ ಬಿಟ್ಟರೆ ಜ್ಯಾಮ್ ಹೇಗೋ ಸಾಗೀತು, ಚಿಟ್ಟೆಸ್ವರ ಸಾಗದು.

ನಿಮಿಷದ ಲೆಕ್ಕ

2009ರ ಮಾರ್ಚಿನಲ್ಲಿ ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಮೂರು ಶೋಗಳೊಂದಿಗೆ ಬ್ಯಾಂಡ್ ಮರಳಿತು, ಈ ಸಲ ಸ್ವಂತ ಲೇಬಲ್ ಜೆಂಪ್‌ನ ಅಡಿಯಲ್ಲಿ. ಪ್ರತಿ ಶೋನ ಸೌಂಡ್‌ಬೋರ್ಡ್ ರೆಕಾರ್ಡಿಂಗನ್ನು ಡೌನ್‌ಲೋಡ್ ಆಗಿ ಮಾರುವ ಏರ್ಪಾಡು 2002ರ ಮರಳುವಿಕೆಯ ಹೊತ್ತಿನಿಂದಲೇ ಇತ್ತು. ಕೇಳುಗರ ಟೇಪಿಂಗನ್ನು ಇದಕ್ಕಾಗಿ ನಿಲ್ಲಿಸಲಿಲ್ಲ, ಎರಡೂ ಪಕ್ಕಪಕ್ಕದಲ್ಲೇ ನಡೆದಿವೆ.

ಹಾಡು ಬರೆಯುವವರು ಕಡೆಗಣಿಸುವ ಒಂದು ಅಂಶ ಇಲ್ಲಿದೆ. ರೆಕಾರ್ಡಿಂಗಿನ ಪ್ರತಿಯೊಂದು ಮಾರಾಟವಾದಾಗ ಹಾಡಿನ ಕರ್ತೃವಿಗೆ ಕೊಡಬೇಕಾದ ದರ ಅಮೆರಿಕದಲ್ಲಿ ಕಾನೂನಿನಲ್ಲೇ ನಿಗದಿ. 2006ರಿಂದ 2022ರವರೆಗೆ ಅದು ಹಾಡಿಗೆ 9.1 ಸೆಂಟ್, ಹಾಡು ಐದು ನಿಮಿಷ ಮೀರಿದರೆ ನಿಮಿಷಕ್ಕೆ 1.75 ಸೆಂಟ್. ಉದ್ದದ ಹಾಡಿಗೆ ಹೆಚ್ಚು ಹಣ ಅಂತಾಯಿತು. ಆದರೆ ದೊಡ್ಡ ಕಂಪನಿಗಳ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುವ ಷರತ್ತು ಇದನ್ನು ಕತ್ತರಿಸುತ್ತದೆ: ಕಲಾವಿದ ತಾನೇ ಬರೆದ ಹಾಡಿಗೆ ಕನಿಷ್ಠ ದರದ ಮುಕ್ಕಾಲು ಪಾಲು ಮಾತ್ರ, ಅದೂ ಆಲ್ಬಮ್ಮಿಗೆ ಹತ್ತೋ ಹನ್ನೆರಡೋ ಹಾಡಿನ ಮಿತಿಯಲ್ಲಿ. ಜ್ಯಾಮ್ ಬ್ಯಾಂಡಿನವನು ಸಹಿ ಹಾಕುವ ಮೊದಲು ಓದಲೇಬೇಕಾದ ಪುಟ ಅದು. ಲೇಬಲ್ ಸ್ವಂತದ್ದಾದರೆ ಆ ಷರತ್ತು ಹಾಕುವವರೇ ಇಲ್ಲ.

2017ರ ಜುಲೈ 21ರಿಂದ ಆಗಸ್ಟ್ 6ರ ನಡುವೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಫಿಶ್ 13 ರಾತ್ರಿ ನುಡಿಸಿತು. ಒಟ್ಟು 237 ಹಾಡು, ಒಂದೂ ಮರುಕಳಿಸಲಿಲ್ಲ. ನೆಕ್ಟರ್ಸ್‌ನ ಒಂಬತ್ತು ಸೆಟ್ಟಿನ ಲೆಕ್ಕವೇ ಇಲ್ಲಿ ಇಪ್ಪತ್ತಾರಾಗಿದೆ. ಜುಲೈ 25ರ ರಾತ್ರಿ ಅನಾಸ್ಟಾಸಿಯೊ–ಮಾರ್ಷಲ್ ಜೋಡಿಯ "ಲಾನ್ ಬಾಯ್" ತೆಗೆದರು. ಮೆಕ್‌ಕಾನೆಲ್ ಮೈಕ್ ಹಿಡಿದು ಓಡಾಡುತ್ತ ಹಾಡುವ, ಮಾಮೂಲಾಗಿ ಮೂರು ನಿಮಿಷದಲ್ಲಿ ಮುಗಿಯುವ ತಿಳಿಹಾಸ್ಯದ ಹಾಡು ಅದು. ಅಂದು ಅರ್ಧ ಗಂಟೆ ಹೋಯಿತು. ಕಾನೂನಿನ ದರದಲ್ಲಿ ಹಿಡಿದರೆ ಆ ಡೌನ್‌ಲೋಡಿನ ಒಂದು ಪ್ರತಿಗೆ ಕರ್ತೃಗಳ ಪಾಲು 9.1 ಸೆಂಟ್ ಅಲ್ಲ, ಐವತ್ತೆರಡೂವರೆ; ಅದರಲ್ಲಿ ಭಾಗ ಆ ರಾತ್ರಿ ವಾದ್ಯ ಮುಟ್ಟದ ಮಾರ್ಷಲ್ ಅವರದೂ.